ಕಬ್ಬಿನ ಸೀಮೆಯಲ್ಲೊಂದು ಚಾಕಿ ಕೇಂದ್ರ: ಹುಳು ತಗೊಂಡವರ ಮಾತು

ದುಡ್ಡು ಕೈಯಲ್ಲಿ ಹಿಡಿದು ನಿಂತರೂ ರೇಷ್ಮೆಯ ಎಳೆ ಹುಳು ಸಾಕಿ ಮಾರುವ ಈ ಚಾಕಿ ಕೇಂದ್ರದವರು ತಕ್ಷಣ ಹುಳು ಕೊಡುವುದಿಲ್ಲ. ಮೊದಲು ನಮ್ಮ ಹುಳು ಮನೆಗೆ ಬರುತ್ತಾರೆ. ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ತೊಳೆದಿದ್ದೀರಾ, ಕಿಟಕಿಯ ನೈಲಾನ್ ಬಲೆ ಹರಿದಿದೆಯಾ, ಹಿಂದಿನ ಬೆಳೆಯ ಕಸ ಎಲ್ಲಿ ಹಾಕಿದ್ದೀರಿ ಅಂತ ಒಂದೊಂದೇ ನೋಡುತ್ತಾರೆ. ಸರಿ ಇಲ್ಲ ಅನ್ನಿಸಿದರೆ "ಈ ಬ್ಯಾಚ್ ಬೇಡ, ಮುಂದಿನದಕ್ಕೆ ತಗೊಳ್ಳಿ" ಅಂತ ಹೇಳಿ ಹೊರಟುಬಿಡುತ್ತಾರೆ. ನಮ್ಮ ಪಕ್ಕದ ಬೀದಿಯವರೊಬ್ಬರಿಗೆ ಹೀಗೇ ಆಯಿತು. ಅವರು ಸಿಟ್ಟು ಮಾಡಿಕೊಂಡು ಬೇರೆ ಕಡೆಯಿಂದ ಹುಳು ತಂದರು. ನನಗಂತೂ ಅವತ್ತೇ ಈ ಕೇಂದ್ರದ ಮೇಲೆ ನಂಬಿಕೆ ಬಂತು. ವ್ಯಾಪಾರ ಹೋದರೂ ಪರವಾಗಿಲ್ಲ, ಕೊಟ್ಟ ಹುಳು ಸಾಯಬಾರದು ಅನ್ನುವವರು ಎಷ್ಟು ಜನ ಸಿಗುತ್ತಾರೆ?

ಕಬ್ಬು ಕಿತ್ತು ಹಿಪ್ಪುನೇರಳೆ ಕಡ್ಡಿ ನೆಡಬೇಕು ಅಂತಿರುವ ನಮ್ಮ ಮಂಡ್ಯ ಕಡೆಯವರು ಸುಮಾರು ಜನ ನನ್ನನ್ನು ವಿಚಾರಿಸುತ್ತಾರೆ. ಎಲ್ಲರೂ ಕೇಳುವುದು ಕಡ್ಡಿ ಯಾವ ತಳಿ, ಗೂಡಿಗೆ ಎಷ್ಟು ರೇಟು, ಶೆಡ್ಡಿಗೆ ಸಬ್ಸಿಡಿ ಎಷ್ಟು ಅಂತ. ಚಾಕಿ ಎಲ್ಲಿಂದ ತರುತ್ತೀರಿ ಅಂತ ಕೇಳುವವರು ಕಡಿಮೆ. ಆದರೆ ಹೊಸಬರ ಬೆಳೆ ನಿಲ್ಲುವುದೂ ಅಲ್ಲೇ, ಬೀಳುವುದೂ ಅಲ್ಲೇ. ಅದಕ್ಕೇ ನಾವು ಹುಳು ತರುವ ಕೇಂದ್ರದ ಬಗ್ಗೆ ಬಿಡಿಸಿ ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಹಾಕುತ್ತಿಲ್ಲ. ಈಗಲೇ ಬುಕಿಂಗ್ ಜಾಸ್ತಿಯಾಗಿದೆ, ಹೆಸರು ಬೇಡ ಅಂತ ಅವರೇ ಕೇಳಿಕೊಂಡರು. ಮದ್ದೂರು ತಾಲ್ಲೂಕಿನಲ್ಲಿದೆ, ಗಂಡ ಹೆಂಡತಿ ಸೇರಿ ನಡೆಸುತ್ತಾರೆ ಅಂತ ಹೇಳಿದರೆ ಈ ಕಡೆಯವರಿಗೆ ಗೊತ್ತಾಗುತ್ತದೆ. ನಿಮ್ಮ ಹತ್ತಿರದ ಕೇಂದ್ರ ಬೇರೆಯೇ ಇರಬಹುದು. ಏನು ನೋಡಬೇಕು ಅನ್ನುವುದು ಮಾತ್ರ ಎಲ್ಲ ಕಡೆಯೂ ಒಂದೇ.

ಮೊದಲು ನಾವು ಕಬ್ಬು ಯಾಕೆ ಬಿಟ್ಟೆವು ಅಂತ ಹೇಳಿಬಿಡುತ್ತೇನೆ. ನನ್ನ ಗಂಡನ ಮನೆಯವರು ತಲೆತಲಾಂತರದಿಂದ ಕಬ್ಬು, ಭತ್ತ ಅಂದುಕೊಂಡೇ ಬಂದವರು. ಆದರೆ ಲೆಕ್ಕ ಹಾಕಿದರೆ ಇಲ್ಲಿ ಕಬ್ಬಿಗೆ ನೂರು ವರ್ಷದ ವಯಸ್ಸೂ ಸರಿಯಾಗಿ ಆಗಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟು, 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಬಂದ ಬೆಳೆ ಇದು. ಅದಕ್ಕೆ ಮುಂಚೆ ಇದು ರಾಗಿ, ಹುರುಳಿಯ ಒಣ ಸೀಮೆ. ನಮ್ಮ ಮಾವ ಇದನ್ನು ಆಗಾಗ ಹೇಳುತ್ತಿದ್ದರು. ಕಬ್ಬು ತೆಗೆಯೋಣ ಅಂತ ನಾವು ಹೆದರಿಕೊಂಡೇ ಮಾತೆತ್ತಿದಾಗ ಮನೆಯಲ್ಲಿ ಮೊದಲು ಹೂಂ ಅಂದವರೂ ಅವರೇ. ಒಂದು ಸಲ ಬದಲಾದ ಊರು ಇನ್ನೊಂದು ಸಲ ಬದಲಾಗಬಾರದಾ ಅಂದರು.

ಕಬ್ಬಿನಲ್ಲಿ ನಮಗೆ ಬೇಸರವಾಗಿದ್ದು ರೇಟಿನಿಂದ ಅಲ್ಲ. 2024-25ನೇ ಸಾಲಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ (ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ) ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ ಇತ್ತು. ಸುಮಾರಾಗಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ಹನ್ನೆರಡು ತಿಂಗಳು ಕಾದು ಬೆಳೆದ ಕಬ್ಬನ್ನು ಕಡಿಯುವುದಕ್ಕೆ ಮತ್ತೆ ಕಾಯಬೇಕು. ಕಟಾವಿನ ಆರ್ಡರ್ ತಡವಾದರೆ ಹೊಲದಲ್ಲೇ ತೂಕ ಇಳಿಯುತ್ತದೆ. ಕಾರ್ಖಾನೆಗೆ ಕಬ್ಬು ಹಾಕಿದ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಾವು ಕಬ್ಬು ಹಾಕಿದ ಕಾರ್ಖಾನೆಯಿಂದ ಒಂದು ವರ್ಷ ಮಗಳ ಕಾಲೇಜು ಫೀಸು ಕಟ್ಟುವ ಹೊತ್ತಿಗೂ ದುಡ್ಡು ಬಂದಿರಲಿಲ್ಲ. ಆಮೇಲೆ 2023. ಮುಂಗಾರು ಕೈಕೊಟ್ಟು ಕೆಆರ್‌ಎಸ್ ಆ ವರ್ಷ ತುಂಬುವ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ನಾಲೆ ನೀರು ನಂಬಿಕೊಂಡ ಕಬ್ಬು ಕಣ್ಣೆದುರೇ ಒಣಗಿತು. ಬೋರ್‌ವೆಲ್‌ನಲ್ಲಿ ಇದ್ದಷ್ಟು ನೀರಿಗೆ ಡ್ರಿಪ್ ಹಾಕಿದರೆ ಒಂದೂಕಾಲು ಎಕರೆ ಕಡ್ಡಿ ಸಾಕಬಹುದು ಅಂತ ಲೆಕ್ಕಕ್ಕೆ ಸಿಕ್ಕಿತು. ವಿ-1 ತಳಿ, ಜೋಡಿ ಸಾಲು. ಉಳಿದ ಜಮೀನಿನಲ್ಲಿ ರಾಗಿ, ಅವರೆ, ಒಂದಿಷ್ಟು ತೆಂಗು. ಪೂರ್ತಿ ಕಬ್ಬು ಬಿಟ್ಟಿಲ್ಲ. ನಾಲೆ ಪಕ್ಕದ ತಗ್ಗಿನಲ್ಲಿ ಈಗಲೂ ಒಂದು ತುಂಡು ಇದೆ.

ಈಗ ಚಾಕಿ ವಿಚಾರ.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಒಂದೊಂದು ಸಲ ಪೊರೆ ಬಿಡುವ ಹೊತ್ತಿಗೂ ನಾವು ಜ್ವರ ಅನ್ನುತ್ತೇವೆ. ಮೊಟ್ಟೆ ಒಡೆದಾಗಿನಿಂದ ಎರಡನೇ ಜ್ವರ ಎದ್ದೇಳುವವರೆಗಿನ ಎಳೆ ಹುಳುವೇ ಚಾಕಿ. ಈ ಹಂತದಲ್ಲಿ ಹುಳು ತಿನ್ನುವ ಸೊಪ್ಪು ತೀರಾ ಕಡಿಮೆ. ನಾಲ್ಕನೇ ಜ್ವರ ಎದ್ದ ಮೇಲೆಯೇ ಒಟ್ಟು ಸೊಪ್ಪಿನ ಶೇ 80ಕ್ಕಿಂತ ಜಾಸ್ತಿ ತಿನ್ನುತ್ತದೆ. ಹಾಗಾಗಿ ಚಾಕಿ ಅಂದರೆ ಸುಲಭ ಅಂತ ಹೊಸಬರು ತಿಳಿಯುತ್ತಾರೆ. ಇರುವುದು ಉಲ್ಟಾ. 27-28 ಡಿಗ್ರಿ ಬಿಸಿ ಬೇಕು, ಶೇ 80-90ರಷ್ಟು ತೇವ ಬೇಕು, ಅದೂ ಹಗಲು ರಾತ್ರಿ ಒಂದೇ ಸಮ. ಬೆಳೆದ ಹುಳುವಿಗೆ ಅಷ್ಟು ಬಿಸಿ, ಅಷ್ಟು ತೇವ ಇದ್ದರೆ ಕಾಯಿಲೆ ಖಂಡಿತ. ಒಂದೇ ಮನೆಯಲ್ಲಿ ಎರಡನ್ನೂ ಸರಿಯಾಗಿ ಮಾಡುವುದು ಕಷ್ಟ.

ನಾನು ಹುಟ್ಟಿದ್ದು ಕನಕಪುರ ಕಡೆ. ನಮ್ಮಜ್ಜಿ ಚಾಕಿಯನ್ನು ಮನೆಯಲ್ಲೇ ಮಾಡುತ್ತಿದ್ದರು. ಅಡುಗೆ ಮನೆ ಪಕ್ಕದ ಕೋಣೆ, ಬಿದಿರು ತಟ್ಟೆ, ಇದ್ದಿಲಿನ ಅಗ್ಗಿಷ್ಟಿಕೆ. ಹುಳು ಇದ್ದಷ್ಟು ದಿನ ಆ ಕೋಣೆಯ ಹತ್ತಿರ ಒಗ್ಗರಣೆ ಹಾಕುವ ಹಾಗಿರಲಿಲ್ಲ. ರಾತ್ರಿ ಹನ್ನೊಂದಕ್ಕೊಂದು ಸಲ, ಬೆಳಗಿನ ಜಾವಕ್ಕೊಂದು ಸಲ ಎದ್ದು ಸೊಪ್ಪು ಹೆಚ್ಚಿ ಹಾಕುತ್ತಿದ್ದರು. ಅಜ್ಜಿಯ ಕೈ ಪಳಗಿತ್ತು, ಬೆಳೆ ಬರುತ್ತಿತ್ತು. ಆದರೂ ಎರಡು ಬೆಳೆ ಚೆನ್ನಾಗಿ ಬಂದರೆ ಮೂರನೆಯದು ಹಾಲುತೊಂಡೆ ರೋಗ ಬಂದು ತಿಪ್ಪೆಗೆ ಹೋಗುತ್ತಿತ್ತು. ಆ ಕೆಲಸವನ್ನು ನಮ್ಮತ್ತೆಗೋ, ಕಬ್ಬು ಬಿಟ್ಟು ಬೇರೇನೂ ನೋಡದ ಊರಿನವರಿಗೋ ಕಲಿಸಿ ಅಂದರೆ ಆಗದ ಮಾತು. ಚಾಕಿ ಕೇಂದ್ರಗಳು ಇರುವುದರಿಂದಲೇ ನಮ್ಮಂಥ ಹಳ್ಳಿಗಳಿಗೆ ರೇಷ್ಮೆ ಬರಲು ಸಾಧ್ಯವಾಗಿರುವುದು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕೇಂದ್ರ ಹೇಗಿದೆ ಅಂತ ಹೇಳುತ್ತೇನೆ. ಮೊದಲ ಸಲ ಒಳಗೆ ಬಿಡಿ ಅಂತ ಕೇಳಿದಾಗ ಬೆಳಿಗ್ಗೆ ಸ್ನಾನ ಮಾಡಿ ಬನ್ನಿ, ನಿಮ್ಮ ಹುಳು ಮನೆಗೆ ಹೋಗಿ ಬರಬೇಡಿ ಅಂದರು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆದ ಗೋಣಿಚೀಲ. ಚಪ್ಪಲಿ ಹೊರಗೆ, ಅವರದೇ ಚಪ್ಪಲಿ ಹಾಕಿಕೊಂಡು, ಕೈ ತೊಳೆದು ಒಳಗೆ. ಮೊದಲ ಕೋಣೆ ಮೊಟ್ಟೆಗೆ. ಎಫ್‌ಸಿ1×ಎಫ್‌ಸಿ2 ಅನ್ನುವ, ಬಿಳಿ ಗೂಡು ಕಟ್ಟುವ ಬೈವೋಲ್ಟಿನ್ ಡಬಲ್ ಹೈಬ್ರಿಡ್ ಮೊಟ್ಟೆ ತರುತ್ತಾರೆ. ಮೊಟ್ಟೆ ಒಡೆಯುವುದಕ್ಕೆ ಎರಡು ದಿನ ಮುಂಚೆ ಅದರ ಮೇಲೆ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಆ ಹೊತ್ತಿಗೆ ಮೊಟ್ಟೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲೆಯಲ್ಲಿ ಇಡುತ್ತಾರೆ. ಮುಂದೆ ಹೋದ ಮರಿ ಕತ್ತಲೆಯಲ್ಲಿ ತಡೆದು ನಿಲ್ಲುತ್ತದೆ, ಹಿಂದೆ ಉಳಿದದ್ದು ಅಷ್ಟರಲ್ಲಿ ಬೆಳೆದು ಜೊತೆಯಾಗುತ್ತದೆ. ಒಡೆಯುವ ದಿನ ಬೆಳಿಗ್ಗೆ ಕಾಗದ ಬಿಚ್ಚಿ ಬೆಳಕಿಗೆ ಇಟ್ಟರೆ ಒಂದೆರಡು ಗಂಟೆಯಲ್ಲಿ ಹೆಚ್ಚುಕಡಿಮೆ ಎಲ್ಲ ಮೊಟ್ಟೆಯೂ ಒಡೆಯುತ್ತದೆ. ಇರುವೆಯ ಹಾಗೆ ಕಪ್ಪಗಿನ ಮರಿಗಳು ಹಾಳೆಯ ಮೇಲೆಲ್ಲ ಹರಿದಾಡುವುದನ್ನು ನಾನು ನಿಂತು ನೋಡಿದೆ. ನಮ್ಮಜ್ಜಿಯ ಮನೆಯಲ್ಲಿ ಒಡೆಯುವುದು ಮೂರು ದಿನ ನಡೆಯುತ್ತಿತ್ತು. ಮೊದಲ ದಿನದ ಹುಳು ಒಂದು ತಟ್ಟೆ, ಎರಡನೇ ದಿನದ್ದು ಇನ್ನೊಂದು. ಹಾಗೆ ಬೇರೆ ಮಾಡದೆ ಇದ್ದರೆ ಕೊನೆವರೆಗೂ ಹುಳು ಏರುಪೇರು.

ಸೊಪ್ಪಿಗೆ ಬೇರೆಯೇ ತೋಟ ಇಟ್ಟಿದ್ದಾರೆ. ಎಸ್-36 ತಳಿ, ಎಳೆ ಹುಳುವಿಗೆ ಹೇಳಿ ಮಾಡಿಸಿದ್ದು. ಎಲೆ ಮೆತ್ತಗೆ, ರಸ ಜಾಸ್ತಿ. ತೋಟಕ್ಕೆ ಕೊಟ್ಟಿಗೆ ಗೊಬ್ಬರ ಧಾರಾಳ ಹಾಕುತ್ತಾರೆ, ಔಷಧ ಹೊಡೆಯುವುದಿಲ್ಲ. ಬಿಸಿಲೇರುವ ಮುಂಚೆ ಎಲೆ ಕಿತ್ತು ಒದ್ದೆ ಗೋಣಿಯಲ್ಲಿ ಇಡುತ್ತಾರೆ. ಹುಳುವಿನ ವಯಸ್ಸು ನೋಡಿಕೊಂಡು ಎಲೆ ಹೆಚ್ಚುವ ಅಳತೆ ಬದಲಾಗುತ್ತದೆ. ಗೋಡೆಯಲ್ಲಿ ಎರಡೆರಡು ಕಡೆ ತಾಪಮಾನ ನೋಡುವ ಮೀಟರ್, ಪಕ್ಕದಲ್ಲಿ ಒಂದು ನೋಟ್‌ಬುಕ್. ದಿನಕ್ಕೆ ನಾಲ್ಕು ಸಲ ಬರೆದಿರುತ್ತಾರೆ. ನಾನು ಹಾಳೆ ತಿರುವಿ ಹಿಂದಿನ ಬ್ಯಾಚ್‌ದೂ ನೋಡಿದೆ. ರಾತ್ರಿ ಕರೆಂಟು ಹೋದ ಹೊತ್ತು, ಮತ್ತೆ ಬಂದ ಹೊತ್ತು ಎರಡೂ ಇತ್ತು. ಸುಮ್ನೆ ತೋರಿಕೆಗೆ ಬರೆಯುವವರು ಕರೆಂಟು ಹೋದದ್ದನ್ನು ಬರೆಯುವುದಿಲ್ಲ.

ಕೇಂದ್ರ ರೇಷ್ಮೆ ಮಂಡಳಿಯ ನೋಂದಣಿ ಪತ್ರವನ್ನು ಎದುರಿಗೇ ಹಾಕಿದ್ದಾರೆ. 2006ರಲ್ಲಿ ಮಂಡಳಿಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮೊಟ್ಟೆ ತಯಾರಿಸುವವರು, ಚಾಕಿ ಸಾಕುವವರು ನೋಂದಣಿ ಮಾಡಿಸಲೇಬೇಕು. ನೀವು ಯಾವ ಕೇಂದ್ರಕ್ಕೆ ಹೋದರೂ ಆ ಪತ್ರ ಮೊದಲು ಕೇಳಿ. ತೋರಿಸುವುದಕ್ಕೆ ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಹುಳು ಬರುವ ದಿನ. ಬಿಸಿಲಿಗೆ ಮುಂಚೆ, ಬೆಳಿಗ್ಗೆ ಆರೂವರೆ ಏಳಕ್ಕೆಲ್ಲ ಅವರದೇ ಮುಚ್ಚಿದ ಗಾಡಿಯಲ್ಲಿ ಟ್ರೇ ಬರುತ್ತದೆ. ಇಳಿಸಿಕೊಂಡ ಮೇಲೆ ಗಡಿಬಿಡಿಯಲ್ಲಿ ಸೊಪ್ಪು ಹಾಕಬೇಡಿ. ಟ್ರೇ ಹತ್ತಿರ ಹೋಗಿ ಕಣ್ಣಿಟ್ಟು ನೋಡಿ. ಜ್ವರದಲ್ಲಿ ಕೂತ ಹುಳು ತಲೆ ಮೇಲೆತ್ತಿ ಅಲ್ಲಾಡದೆ ಇರುತ್ತದೆ, ಮೈ ಬಿಗಿದು ಹೊಳೆಯುತ್ತದೆ, ತಲೆ ಸಣ್ಣ. ಜ್ವರ ಎದ್ದ ಹುಳುವಿನ ತಲೆ ಮೈಗಿಂತ ದಪ್ಪಗೆ ಕಾಣುತ್ತದೆ, ಚರ್ಮ ಸಡಿಲ, ಬಣ್ಣ ಸ್ವಲ್ಪ ಮಂಕು, ಸೊಪ್ಪು ಹುಡುಕಿಕೊಂಡು ತಲೆ ಆಡಿಸುತ್ತಿರುತ್ತದೆ. ನೂರರಲ್ಲಿ ತೊಂಬತ್ತೈದು ಎದ್ದಿರಬೇಕು. ಆಮೇಲೆ ಸೋಂಕು ತಡೆಯುವ ವಿಜೇತ ಪುಡಿ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು, ಎಳೆ ಸೊಪ್ಪು ಕೊಡಬೇಕು. ಈ ಕೇಂದ್ರದ ಟ್ರೇಯಲ್ಲಿ ನನಗೆ ಇದುವರೆಗೂ ತೊಂಬತ್ತೈದಕ್ಕಿಂತ ಕಡಿಮೆ ಎದ್ದದ್ದು ಕಂಡಿಲ್ಲ. ಮೂಲೆಯಲ್ಲಿ ಸೊರಗಿದ ಹುಳು ಇರುವುದಿಲ್ಲ. ಟ್ರೇ ಕೆಳಗೆ ಒದ್ದೆ ಹಿಕ್ಕೆ ಇರುವುದಿಲ್ಲ.

ಇವರ ಹತ್ತಿರ ಬರುವುದಕ್ಕೆ ಮುಂಚೆ ನಾವು ಬೇರೊಂದು ಕೇಂದ್ರದಿಂದ ತರುತ್ತಿದ್ದೆವು. ಹೆಸರು ಬೇಡ. ಒಂದು ಬ್ಯಾಚಿನಲ್ಲಿ ಕಾಲು ಭಾಗ ಹುಳು ಇನ್ನೂ ಜ್ವರದಲ್ಲಿತ್ತು, ಉಳಿದದ್ದು ಎದ್ದು ಹಸಿದು ಕೂತಿತ್ತು. ಬೇರೆಯವರಿಗೆ ಕೊಟ್ಟು ಉಳಿದ ಹುಳುವನ್ನು ಬೆರೆಸಿದ್ದರು ಅಂತಲೇ ನನ್ನ ಅನುಮಾನ. ಎದ್ದದ್ದಕ್ಕೆ ಸೊಪ್ಪು ಹಾಕಿದರೆ ಮಲಗಿದ್ದು ಸೊಪ್ಪಿನಡಿ ಸಿಕ್ಕಿ ಬೆವರುತ್ತದೆ. ಹಾಕದಿದ್ದರೆ ಎದ್ದದ್ದು ಉಪವಾಸ. ಈ ಹೆಚ್ಚುಕಡಿಮೆ ಆಮೇಲೆ ಸರಿಹೋಗುವುದೇ ಇಲ್ಲ, ಒಂದೊಂದು ಜ್ವರಕ್ಕೂ ಅಂತರ ಬೆಳೆಯುತ್ತದೆ. ಕೊನೆಗೆ ಹುಳು ಹಣ್ಣಾಗುವುದಕ್ಕೆ, ಅಂದರೆ ಗೂಡು ಕಟ್ಟುವ ಹದಕ್ಕೆ ಬರುವುದಕ್ಕೆ, ನಾಲ್ಕು ದಿನ ಹಿಡಿಯಿತು. ಹಣ್ಣು ಹುಳು ಆರಿಸಿ, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡುವುದಕ್ಕೆ ನಾಲ್ಕು ದಿನವೂ ಕೂಲಿ. ಗೂಡು ಕೆಲವು ದಪ್ಪ, ಕೆಲವು ತೆಳು. ರಾಮನಗರ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್‌ಗಳು ಲಾಟಿನಲ್ಲಿ ಕೈ ಆಡಿಸಿದ ತಕ್ಷಣ ಗೊತ್ತು ಮಾಡಿಕೊಂಡರು. ನಮ್ಮ ಪಕ್ಕದ ಲಾಟಿಗಿಂತ ಕೆಜಿಗೆ ನೂರು ರೂಪಾಯಿ ಕಮ್ಮಿ ಕೂಗಿದರು. ದೂರು ಹೇಳಿದರೆ ಆ ಕೇಂದ್ರದವರು "ನಿಮ್ಮ ಸೊಪ್ಪು ಸರಿ ಇರಲಿಲ್ಲ" ಅಂದುಬಿಟ್ಟರು.

ಇಲ್ಲಿ ಹಾಗಲ್ಲ. ಹುಳು ಕೊಟ್ಟ ಮೇಲೂ ಅವರ ಕೆಲಸ ಮುಗಿಯುವುದಿಲ್ಲ. ಮೂರನೇ ಜ್ವರಕ್ಕೆ ಫೋನ್, ನಾಲ್ಕನೇ ಜ್ವರದ ಹೊತ್ತಿಗೆ ಅವರಲ್ಲಿ ಒಬ್ಬರು ಖುದ್ದು ಬರುತ್ತಾರೆ. ಸಾಮಾನ್ಯವಾಗಿ ಬರುವುದು ಮೇಡಂ. ಹುಳುವನ್ನು ಕೈಯಲ್ಲಿ ಎತ್ತಿಕೊಂಡು ನೋಡುತ್ತಾರೆ, ಹುಳುವಿನ ಹಾಸಿಗೆ ಕೆಳಗೆ ಕೈ ಹಾಕಿ ತೇವ ನೋಡುತ್ತಾರೆ, ಗಾಳಿ ಸಾಲದಿದ್ದರೆ ಎದುರು ಕಿಟಕಿ ತೆಗೆಸುತ್ತಾರೆ. ನಮ್ಮತ್ತೆಗೆ ಅವರ ಮಾತೆಂದರೆ ಮಾತು. ಜ್ವರಕ್ಕೆ ಕೂರುವಾಗ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಬೇಕು, ಎಲ್ಲ ಎದ್ದ ಮೇಲೆಯೇ ಸೊಪ್ಪು ಹಾಕಬೇಕು ಅನ್ನುವುದನ್ನು ಅತ್ತೆ ಈಗ ಊರಿನ ಬೇರೆ ಹೆಂಗಸರಿಗೆ ಹೇಳಿಕೊಡುತ್ತಾರೆ. ಹುಳು ಕೆಲಸ ಮುಕ್ಕಾಲು ಪಾಲು ಮಾಡುವುದು ಹೆಂಗಸರೇ. ತರಬೇತಿಗೆ ಕರೆಯುವುದು ಮಾತ್ರ ಗಂಡಸರನ್ನು. ಇಲ್ಲಿ ಹೆಂಗಸೇ ಬಂದು ಹುಳು ಮನೆಯಲ್ಲಿ ನಿಂತು ಹೇಳುವುದರಿಂದ ಹೇಳಬೇಕಾದವರಿಗೇ ಹೇಳಿದ ಹಾಗಾಗುತ್ತದೆ.

ಅವರಿಂದ ಕಲಿತ ಒಂದು ವಿಷಯ ಎಲ್ಲರಿಗೂ ಗೊತ್ತಾಗಬೇಕು. ನಮ್ಮ ಕಡ್ಡಿ ತೋಟದ ಪೂರ್ವಕ್ಕೆ ಇರುವವರು ಕಬ್ಬು ಬಿಟ್ಟು ಟೊಮೆಟೊ ಹಾಕಿದರು. ಅವರು ಮಾಡಿದ್ದೂ ಸರಿಯೇ, ನಾವೆಲ್ಲ ದಾರಿ ಹುಡುಕುತ್ತಿದ್ದೇವೆ. ಆದರೆ ಟೊಮೆಟೊಗೆ ಔಷಧ ಹೊಡೆಯದೆ ಆಗುವುದಿಲ್ಲ. ಈಗಿನ ಔಷಧಗಳು ಗಾಳಿಯಲ್ಲಿ ತೇಲಿಬಂದು ಎಲೆ ಮೇಲೆ ಕೂತರೆ ಸಾಕು, ಕಣ್ಣಿಗೆ ಕಾಣದಷ್ಟಿದ್ದರೂ ಹುಳು ಉಳಿಯುವುದಿಲ್ಲ. ಬೇವಿನೆಣ್ಣೆ ಸಾವಯವ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅದು ಕೂಡ ರೇಷ್ಮೆ ಹುಳುವಿಗೆ ವಿಷವೇ, ಬೆಳವಣಿಗೆಯನ್ನೇ ತಡೆಯುತ್ತದೆ. ಕಬ್ಬಿನ ಕಾಲದಲ್ಲಿ ಪಕ್ಕದವರ ಹೊಲದಲ್ಲಿ ಏನು ಹೊಡೆದರೂ ನಮಗೆ ಸಂಬಂಧ ಇರಲಿಲ್ಲ. ಊರಿಗೆಲ್ಲ ಒಂದೇ ಬೆಳೆ ಇದ್ದಾಗ ಇಲ್ಲದ ತಾಪತ್ರಯ ಇದು.

ಮೇಡಂ ಹೇಳಿಕೊಟ್ಟದ್ದು ಬಹಳ ಸರಳ. ಸೊಪ್ಪು ಕೊಯ್ಯುವ ಹಿಂದಿನ ದಿನ ಪೂರ್ವದ ಬದುವಿನ ಸಾಲಿನಿಂದ ನಾಲ್ಕು ಕಡ್ಡಿ ತಂದು, ಇಪ್ಪತ್ತು ಹುಳುವನ್ನು ಬೇರೆ ಮೊರದಲ್ಲಿಟ್ಟು ಅದನ್ನೇ ತಿನ್ನಿಸುವುದು. ಆ ಮೊರ ಹುಳು ಮನೆಯ ಒಳಗೆ ಬರಬಾರದು. ಒಂದು ದಿನ ನಾನೇ ನೋಡಿದೆ. ರಾತ್ರಿ ಸೊಪ್ಪು ಹಾಕಿ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಹುಳು ತಲೆ ಹಿಂದಕ್ಕೆ ಎಸೆದು ಹೊರಳುತ್ತಿದ್ದವು. ಬಾಯಿಯಿಂದ ಹಸಿರು ನೀರು ಕಾರಿಕೊಂಡು ಮೈ ಅರ್ಧಕ್ಕೆ ಕುಗ್ಗಿತ್ತು. ಇಪ್ಪತ್ತರಲ್ಲಿ ಒಂದೂ ಉಳಿಯಲಿಲ್ಲ. ಆ ಸೊಪ್ಪನ್ನೇ ಎಲ್ಲಕ್ಕೂ ಹಾಕಿದ್ದರೆ ಏನು ಗತಿ? ನೂರು ಮೊಟ್ಟೆ ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ, ಅದರಲ್ಲಿ ನಲವತ್ತು ಸಾವಿರಕ್ಕೂ ಜಾಸ್ತಿ ಹುಳು. ನಾವು ಇಡುವುದು ನೂರೈವತ್ತು ಮೊಟ್ಟೆ. ಅವತ್ತು ಪೂರ್ವದ ಐದು ಸಾಲು ಬಿಟ್ಟು ಪಶ್ಚಿಮದ ಕಡೆಯಿಂದ ಕೊಯ್ದು ಬೆಳೆ ಉಳಿಸಿಕೊಂಡೆವು. ಪಕ್ಕದವರ ಹತ್ತಿರ ಮೇಡಂ ತಾವೇ ಹೋಗಿ ಮಾತಾಡಿದರು. ಈಗ ಅವರು ಔಷಧ ಹೊಡೆಯುವ ಮುಂಚೆ ಫೋನ್ ಮಾಡುತ್ತಾರೆ, ಗಾಳಿ ನಮ್ಮ ಕಡೆ ಬೀಸುವಾಗ ಹೊಡೆಯುವುದಿಲ್ಲ. ಬದುವಿನ ಮೇಲೆ ನಾವು ಗಾಳಿಗೆ ತಡೆಯಾಗಲಿ ಅಂತ ಒತ್ತಾಗಿ ಸೆಸ್ಬೇನಿಯಾ ಗಿಡ ಹಾಕಿದ್ದೇವೆ. ಹುಳು ಮಾರುವವರು ಇಷ್ಟೆಲ್ಲ ಮಾಡಬೇಕಾಗಿರಲಿಲ್ಲ.

ಊಜಿ ನೊಣದ ವಿಚಾರದಲ್ಲೂ ಅವರು ಗಟ್ಟಿ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ನೊಣ ಇದು. ಹುಳುವಿನ ಮೈ ಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ, ಒಳಗೆ ಅದರ ಮರಿ ಹುಳುವನ್ನು ತಿನ್ನುತ್ತದೆ. ಬಲೆ ಹರಿದಿದ್ದರೆ ಮುಗಿಯಿತು.

ಇನ್ನು ಕೊರತೆಗಳು. ಇದ್ದದ್ದು ಇದ್ದ ಹಾಗೆ ಹೇಳಬೇಕು.

ಮೊದಲನೆಯದು ತಾರೀಖು. ಬೇಡಿಕೆ ಜಾಸ್ತಿ, ಜಾಗ ಅಷ್ಟೇ. ಕಡ್ಡಿ ಸವರಿದ ಮೇಲೆ ಸೊಪ್ಪು ಹದಕ್ಕೆ ಬರುವುದು ಅರವತ್ತು ದಿನದ ಮೇಲೆ. ನಮ್ಮ ಸೊಪ್ಪು ಹದಕ್ಕೆ ಬಂದ ದಿನ ಅವರ ಬ್ಯಾಚ್ ಇರುವುದಿಲ್ಲ. ಒಂದು ವಾರ ತಡವಾದರೆ ಬುಡದ ಎಲೆ ಹಳದಿಯಾಗಿ ಉದುರುತ್ತದೆ, ಅಷ್ಟು ಸೊಪ್ಪು ನಷ್ಟ. ಕಡ್ಡಿ ಸವರುವ ದಿನವೇ ಫೋನ್ ಮಾಡಿ ತಾರೀಖು ಬರೆಸಿಕೊಳ್ಳುವ ಪದ್ಧತಿಯನ್ನು ನಾವೇ ಶುರು ಮಾಡಿದೆವು. ಅವರು ಇದನ್ನು ಎಲ್ಲರಿಗೂ ಮಾಡಿದರೆ ಒಳ್ಳೆಯದು.

ಎರಡನೆಯದು ಚೀಟಿ. ರಸೀದಿ ಕೊಡುತ್ತಾರೆ, ಅದರಲ್ಲಿ ಮೊಟ್ಟೆಯ ಸಂಖ್ಯೆ, ಹಣ, ತಾರೀಖು ಇರುತ್ತದೆ. ಮೊಟ್ಟೆ ಅದನ್ನು ತಯಾರಿಸುವ ಯಾವ ಬಿತ್ತನೆ ಕೋಠಿಯಿಂದ ಬಂತು, ಲಾಟ್ ನಂಬರ್ ಎಷ್ಟು, ಎಷ್ಟು ಪರ್ಸೆಂಟ್ ಒಡೆಯಿತು ಅನ್ನುವುದು ಇರುವುದಿಲ್ಲ. ಕೇಳಿದರೆ ಹೇಳುತ್ತಾರೆ, ನೋಟ್‌ಬುಕ್ ತೋರಿಸುತ್ತಾರೆ. ಆದರೆ ಅದು ನಮ್ಮ ಕೈಯಲ್ಲಿ ಇರಬೇಕು. ಗಂಟು ರೋಗದಂಥದ್ದು ತಾಯಿ ಚಿಟ್ಟೆಯಿಂದಲೇ ಮೊಟ್ಟೆಗೆ ಬರುತ್ತದೆ. ಅಂಥದ್ದು ಕಂಡರೆ ಲಾಟ್ ನಂಬರ್ ಇಲ್ಲದೆ ಯಾರನ್ನು ಕೇಳುವುದು? ನಾನು ಮೂರ್ನಾಲ್ಕು ಸಲ ಹೇಳಿದ್ದೇನೆ. ಮಾಡುತ್ತೇವೆ ಅಂದಿದ್ದಾರೆ, ಇನ್ನೂ ಮಾಡಿಲ್ಲ.

ಮೂರನೆಯದಾಗಿ, ಬೇಸಿಗೆಯ ಏಪ್ರಿಲ್-ಮೇ ಬ್ಯಾಚಿಗೂ ಅದೇ ಡಬಲ್ ಹೈಬ್ರಿಡ್ ಕೊಡುತ್ತಾರೆ. ತಗಡಿನ ಶೆಡ್ ಇರುವವರಿಗೆ, ತಂಪು ಮಾಡಿಕೊಳ್ಳುವ ಅನುಕೂಲ ಇಲ್ಲದವರಿಗೆ ಆ ತಿಂಗಳಲ್ಲಿ ಬೈವೋಲ್ಟಿನ್ ಕಷ್ಟ. ಮಿಶ್ರತಳಿ ಬಿಸಿ ತಡೆಯುತ್ತದೆ, ರೇಟು ಕಮ್ಮಿ ಸಿಕ್ಕರೂ ಬೆಳೆ ಕೈಗೆ ಬರುತ್ತದೆ. ಅದನ್ನು ಇವರು ಸಾಕುವುದೇ ಇಲ್ಲ. ನಮ್ಮದು ಹೆಂಚಿನ ಮನೆ, ಮೇಲೆ ತೆಂಗಿನ ಗರಿ ಹೊದಿಸಿ ನೀರು ಚಿಮುಕಿಸುತ್ತೇವೆ, ಹೇಗೋ ನಡೆಯುತ್ತದೆ. ಎಲ್ಲರಿಗೂ ನಡೆಯುವುದಿಲ್ಲ.

ರೇಟು ಬೇರೆ ಕೇಂದ್ರಗಳಿಗಿಂತ ಸ್ವಲ್ಪ ಜಾಸ್ತಿ. ನೂರು ಮೊಟ್ಟೆ ಚಾಕಿಗೆ ನಾಲ್ಕು ಸಾವಿರದ ಆಸುಪಾಸು, ಗಾಡಿ ಬಾಡಿಗೆ ಬೇರೆ. ಸಾಲ ಇಲ್ಲ, ಹುಳು ಇಳಿಸಿದ ದಿನವೇ ದುಡ್ಡು. ನನಗೆ ಇದು ಜಾಸ್ತಿ ಅನ್ನಿಸುವುದಿಲ್ಲ. ಕಳೆದ ಬೆಳೆಯಲ್ಲಿ ನೂರೈವತ್ತು ಮೊಟ್ಟೆಗೆ ಒಂದು ಕ್ವಿಂಟಲ್ ಮೇಲೆ ಗೂಡಾಯಿತು, ಕೆಜಿಗೆ ಆರುನೂರರ ಹತ್ತಿರ ಸಿಕ್ಕಿತು. ಹುಳು ಬಂದ ಇಪ್ಪತ್ತೈದು ದಿನದ ಆಸುಪಾಸಿನಲ್ಲಿ ಗೂಡು ರಾಮನಗರದಲ್ಲಿತ್ತು. ಇ-ಹರಾಜು, ದುಡ್ಡು ನೇರ ಬ್ಯಾಂಕಿಗೆ. ಕೂಲಿ, ಗೊಬ್ಬರ, ಚಾಕಿ, ಬಾಡಿಗೆ ಎಲ್ಲ ಕಳೆದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೈಯಲ್ಲಿ ಉಳಿಯಿತು. ಹುಳು ತಿಂದು ಬಿಟ್ಟ ಸೊಪ್ಪು ಎರಡು ಹಸುವಿಗೆ ಆಗುತ್ತದೆ, ಹಾಲು ಡೈರಿಗೆ ಹೋಗುತ್ತದೆ. ಹಿಕ್ಕೆ, ಕಸ ಕೊಳೆಸಿದರೆ ಒಳ್ಳೇ ಗೊಬ್ಬರ.

ಹಾಗಂತ ಗೂಡಿನ ರೇಟು ಯಾವಾಗಲೂ ಹೀಗೇ ಇರುತ್ತದೆ ಅಂತ ಯಾರೂ ನಂಬಬೇಡಿ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ರೇಟು ಹೇಗೆ ಬಿತ್ತು ಅಂತ ನಮ್ಮ ತವರಿನವರಿಗೆ ಗೊತ್ತು. ಎಷ್ಟೋ ಜನ ಕಡ್ಡಿ ಕಿತ್ತು ಹಾಕಿದರು. ಅದಕ್ಕೇ ನಾವು ಇರುವ ಜಮೀನೆಲ್ಲ ಕಡ್ಡಿಗೆ ಹಾಕಲಿಲ್ಲ. ಎಲ್ಲ ಕಬ್ಬು ಕಿತ್ತು ಎಲ್ಲ ಕಡ್ಡಿ ನೆಟ್ಟರೆ ಮತ್ತೆ ಒಂದೇ ಬೆಳೆಗೆ ಕಟ್ಟುಬಿದ್ದ ಹಾಗೆ. ಚಾಕಿ ಕೇಂದ್ರದ ಯಜಮಾನರೂ ಇದನ್ನೇ ಹೇಳುತ್ತಾರೆ. ಮೊದಲ ವರ್ಷ ಒಂದು ಎಕರೆ ಮೀರಬೇಡಿ, ಮನೆಯಲ್ಲಿ ಇರುವ ಕೈ ಎಷ್ಟು ಅಂತ ಎಣಿಸಿ ಮೊಟ್ಟೆ ಹೇಳಿ ಅಂತಾರೆ. ಜಾಸ್ತಿ ಹುಳು ಮಾರಿದರೆ ಅವರಿಗೇ ಲಾಭ, ಆದರೂ ಹಾಗೆ ಹೇಳುತ್ತಾರೆ. ನಾವು ಇನ್ನೂರು ಮೊಟ್ಟೆ ಬೇಕು ಅಂದಾಗ ನೂರೈವತ್ತು ಸಾಕು ಅಂದವರೂ ಅವರೇ. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನ ಸೊಪ್ಪು ಹೊತ್ತವರಿಗೆ ಆ ಮಾತಿನ ಬೆಲೆ ಗೊತ್ತಾಗುತ್ತದೆ.

ಯಾರಿಗೆ ಈ ಕೇಂದ್ರ ಸರಿ? ಹೊಸದಾಗಿ ಹುಳು ಇಡುವವರಿಗೆ, ಮನೆಯಲ್ಲಿ ಹೆಂಗಸರೇ ಹುಳು ನೋಡಿಕೊಳ್ಳುವವರಿಗೆ, ಬೈವೋಲ್ಟಿನ್ನೇ ಮಾಡಬೇಕು ಅನ್ನುವವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ. ಬೇಸಿಗೆಯಲ್ಲಿ ಮಿಶ್ರತಳಿ ಬೇಕಾದವರು, ಸಾಲದಲ್ಲಿ ಹುಳು ಬೇಕಾದವರು ಬೇರೆ ಕಡೆ ನೋಡಬೇಕು. ಶೆಡ್ ಕಟ್ಟುವುದಕ್ಕೆ ಮುಂಚೆಯೇ ಹೋಗಿ ಮಾತಾಡಿ. ಕಿಟಕಿ ಯಾವ ದಿಕ್ಕಿಗೆ, ಎತ್ತರ ಎಷ್ಟು ಅಂತ ಪುಕ್ಕಟೆ ಹೇಳುತ್ತಾರೆ. ರೇಷ್ಮೆ ಇಲಾಖೆಯ ಸಬ್ಸಿಡಿಗೆ ಯಾವ ಕಾಗದ ಬೇಕು ಅನ್ನುವುದೂ ಅವರಿಗೆ ಗೊತ್ತು. ಆಗ ಕಡ್ಡಿ ನಾಟಿಗೆ ನರೇಗಾದಲ್ಲಿ ಅವಕಾಶ ಇತ್ತು, ಅದನ್ನು ನಮಗೆ ಮೊದಲು ಹೇಳಿದ್ದೂ ಅವರೇ. ಮಧ್ಯಾಹ್ನ ಹನ್ನೆರಡರ ಮೇಲೆ ಹೋಗಿ, ಬೆಳಿಗ್ಗೆ ಸೊಪ್ಪಿನ ಕೆಲಸದಲ್ಲಿ ಮಾತಿಗೆ ಸಿಗುವುದಿಲ್ಲ. ದಸರಾ, ದೀಪಾವಳಿ ನಡುವಿನ ಬ್ಯಾಚ್ ಬೇಕಿದ್ದರೆ ಶ್ರಾವಣದಲ್ಲೇ ಹೇಳಿಡಿ. ಆ ಹೊತ್ತಿನ ಹವೆ ಹುಳುವಿಗೆ ಚೆನ್ನಾಗಿ ಹಿಡಿಸುತ್ತದೆ, ಹಾಗಾಗಿ ಆ ಬ್ಯಾಚೇ ಎಲ್ಲಕ್ಕಿಂತ ಮೊದಲು ಭರ್ತಿಯಾಗುತ್ತದೆ.